ಬಿಸಿ ತಿಳಿಯುವ ಕೈ

ಜ್ವರವಿಲ್ಲ ಎಂದು ಥರ್ಮಾಮೀಟರ್ ತೋರಿಸಿದರೂ ಮುನಿರತ್ನಳಿಗೆ ಸಮಾಧಾನವಾಗಲಿಲ್ಲ. ಮಗು ಹಾಲು ಮುಟ್ಟದೆ ಮಧ್ಯಾಹ್ನದಿಂದ ಅಳುತ್ತಿತ್ತು. ಅದರ ಹಣೆಯ ಮೇಲೆ ಅಂಗೈ ಇಟ್ಟಳು, ಗೋಡೆ ಮುಟ್ಟಿದಂತಿತ್ತು. ಕೆನ್ನೆಗೆ ಕೆನ್ನೆ ಹಚ್ಚಿದಳು. ಸುಡುತ್ತಿರುವುದು ಮಗುವೋ ತಾನೋ ತಿಳಿಯಲಿಲ್ಲ. ಎತ್ತಿಕೊಂಡು ಬೀದಿಗಿಳಿದಳು.

ಶಿಡ್ಲಘಟ್ಟದ ಆ ಬೀದಿಯ ಹೆಂಗಸರೆಲ್ಲ ಕುದಿನೀರಿಗೆ ಕೈ ಹಾಕಿ ರೇಷ್ಮೆಗೂಡಿನಿಂದ ನೂಲು ತೆಗೆಯುವವರು. ವರ್ಷಕ್ಕೊಮ್ಮೆ ಆಸ್ಪತ್ರೆಯಲ್ಲಿ ಅವರ ಕೈಗೆ ಅವರೇ ತೆಗೆದ ರೇಷ್ಮೆಯ ಪಟ್ಟಿ ಕಟ್ಟುತ್ತಾರೆ. ರೇಷ್ಮೆ ಚರ್ಮದಲ್ಲಿ ಕರಗಿ, ತಾನು ಹೊತ್ತು ತಂದ, ಚರ್ಮದ ಗುಣವನ್ನೇ ಬದಲಿಸುವ ಜೀನನ್ನು ಒಳಗೆ ಬಿಡುತ್ತದೆ. ಆಮೇಲೆ ಬೊಬ್ಬೆಯಿಲ್ಲ, ಉರಿಯಿಲ್ಲ. ಬಿಸಿಯೂ ತಿಳಿಯುವುದಿಲ್ಲ.

ಪಟ್ಟಿ ಕಟ್ಟಿಸಿಕೊಳ್ಳದವಳು ಶಮೀಮ್ ಒಬ್ಬಳೇ. ಅವಳ ಬಾಗಿಲಲ್ಲಿ ಎಂದಿನಂತೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಮುನಿರತ್ನ ಅವರನ್ನು ತಳ್ಳಿಕೊಂಡೇ ಒಳಗೆ ಹೋದಳು.

“ಅಕ್ಕಾ, ಒಸಿ ಮುಟ್ಟಿ ನೋಡಕ್ಕ.”

ಶಮೀಮ್ ಬೊಬ್ಬೆ ಒಡೆದ ಅಂಗೈಯನ್ನು ಮಗುವಿನ ಹಣೆಗೆ, ಕುತ್ತಿಗೆಗೆ, ಹೊಟ್ಟೆಗೆ ಇಟ್ಟು ನೋಡಿದಳು. “ಏನೂ ಇಲ್ಲ ಕಣೆ, ಮೈ ತಣ್ಣಗಿದೆ. ಹಲ್ಲು ಬರ್ತಾ ಇರ್ಬೇಕು.”

ಮುನಿರತ್ನ ಉಸಿರು ಬಿಟ್ಟಳು.

“ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ” ಎಂದಳು ಶಮೀಮ್, ಕೈ ಹಿಂದಕ್ಕೆಳೆದುಕೊಳ್ಳುತ್ತಾ. “ಉರಿ ತಡ್ಕೊಳ್ಳೋಕಾಗ್ತಿಲ್ಲ. ಬೆಳಿಗ್ಗೆ ನಾನೂ ಪಟ್ಟಿ ಕಟ್ಟಿಸ್ಕೊಳ್ತೀನಿ.”

ಬೇಡ ಎನ್ನಲು ಹೊರಟ ಮುನಿರತ್ನಳ ಕಣ್ಣು ಆ ಅಂಗೈಯ ಮೇಲೆ ಬಿತ್ತು. ಮೆಲ್ಲಗೆ ಅದನ್ನೇ ಹಿಡಿದು ಮತ್ತೆ ಮಗುವಿನ ಹಣೆಯ ಮೇಲಿಟ್ಟಳು.

“ಇನ್ನೊಂದ್ಸಲ ನೋಡಕ್ಕ.”

ಬಾಗಿಲಲ್ಲಿದ್ದವರೆಲ್ಲ ಒಳಗೆ ನುಗ್ಗಿದರು.