ಮೊಟ್ಟಮೊದಲ ಹೆಪ್ಪು

ಗಂಡನ ಹದಿಮೂರನೆಯ ದಿನದ ಕರ್ಮ ಮುಗಿದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದು ಹೋದ. ಅತ್ತೆ ಮೊಸರಿನ ಪಾತ್ರೆ ಹಿಡಿದು ಸಿಂಕಿನ ಮುಂದೆ ನಿಂತಿದ್ದರು.

"ಸೂತಕದ ಮೊಸರು ಮನೇಲಿ ಇಟ್ಕೋಬಾರದಮ್ಮ. ಚೆಲ್ತೀನಿ."

"ಬೇಡಿ ಅತ್ತೆ. ಅವರು ಕೊನೇ ಸಲ ತಂದು ಹಾಕಿದ ಹೆಪ್ಪು. ದಿನಾ ಅದರಿಂದಲೇ ಹಾಕ್ತಾ ಬಂದಿದೀನಿ."

ತಂದದ್ದು ಪಕ್ಕದ ಮನೆಯ ಭಾಗೀರಥಮ್ಮನಿಂದ. ನನ್ನ ಗಂಡ ಜೀವಶಾಸ್ತ್ರದ ಮೇಷ್ಟ್ರು. ಹೆಪ್ಪಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಜೀವ ಜೀವದಿಂದಲೇ ಹುಟ್ಟೋದು. ನಿಮ್ಮ ಹೆಪ್ಪು ನಿಮ್ಮತ್ತೆಯದು, ಅವರದು ಅವರತ್ತೆಯದು. ಮೊಟ್ಟಮೊದಲನೇದು ಎಲ್ಲಿಂದ ಬಂತು?"

"ಹಾಲು ಆರಿ ಹೋಗತ್ತೆ, ಮನೆಗೆ ಹೋಗಪ್ಪ" ಎಂದು ಆಕೆ ಕಳಿಸುತ್ತಿದ್ದರು.

ಅಷ್ಟರಲ್ಲಿ ಭಾಗೀರಥಮ್ಮನೇ ಬಂದರು. ಮಡಿಸೀರೆ, ಸೆರಗಿನ ಮರೆಯಲ್ಲಿ ಕೈ. ಅತ್ತೆಗೆ ಬಲ ಬಂತು.

"ನೀವೇ ಹೇಳಿ. ಸೂತಕದಲ್ಲಿ ಹೆಪ್ಪು ಹಾಕಿದ ಮೊಸರು ಇಟ್ಕೋಬಹುದಾ?"

"ಅದೆಲ್ಲಾದ್ರೂ ಉಂಟೇನ್ರಿ?" ಭಾಗೀರಥಮ್ಮ ಪಾತ್ರೆಯೊಳಗೆ ಇಣುಕಿದರು. "ನಮ್ಮನೆ ಹೆಪ್ಪಿಂದೇನಾ?"

ನಾನು ಹೌದೆಂದು ತಲೆಯಾಡಿಸಿದೆ. ಅತ್ತೆ ನಲ್ಲಿ ತಿರುಗಿಸಿ ಪಾತ್ರೆಯನ್ನು ಬಗ್ಗಿಸಿದರು.

"ತಡೀರಿ."

ಭಾಗೀರಥಮ್ಮ ಸೆರಗಿನ ಮರೆಯಿಂದ ಖಾಲಿ ಬಟ್ಟಲು ತೆಗೆದರು.

"ಮೊನ್ನೆ ನಮ್ಮನೆ ಮೊಸರನ್ನ ಬೆಕ್ಕು ಉರುಳಿಸಿಬಿಡ್ತು. ನಮ್ಮತ್ತೆ ಅತ್ತೆ ಕಾಲದ್ದು, ಈಗ ಉಳಿದಿರೋದು ಇಲ್ಲಿ ಮಾತ್ರ. ನಿನ್ನ ಗಂಡ ಇಸ್ಕೊಂಡು ಹೋದ ಹೆಪ್ಪು ವಾಪಸ್ ಕೊಡಮ್ಮ."

ಅತ್ತೆ ನಲ್ಲಿ ನಿಲ್ಲಿಸಿ ಚಮಚ ತಂದುಕೊಟ್ಟರು. ನಾನು ಆ ಬಟ್ಟಲಿಗೆ ಒಂದು ಚಮಚ ಮೊಸರು ಹಾಕಿದೆ.