ಅತ್ತೆ ಸುತ್ತಿದ ಸೊಂಟಪಟ್ಟಿ

“ಇನ್ನೊಂದು ಸುತ್ತು ತಿರುಗು,” ಎಂದಳು ಪಾರ್ತಿನೆಮ್ ಅಜ್ಜಿ. ಸೊಸೆ ಮುರ್ನಿ ಎರಡೂ ಕೈ ಮೇಲೆತ್ತಿಕೊಂಡು ತಿರುಗಿದಳು. ಹೊರಗೆ ಚಪ್ಪರದಲ್ಲಿ ಗಾಮೆಲಾನ್ ವಾದ್ಯ ಶುರುವಾಗಿತ್ತು. ಮುರ್ನಿಯ ಮಗಳು ಹೆಸ್ತಿಯ ಮದುವೆ. ಇನ್ನು ಸ್ವಲ್ಪ ಹೊತ್ತಿಗೆ ತಾಯಿಯಾದವಳು ವೇದಿಕೆಯ ಮೇಲೆ ನಿಂತು ಬಂದವರ ಕೈ ಹಿಡಿದು ಮಾತಾಡಿಸಬೇಕು. ಕೆಬಾಯ ರವಿಕೆ ಮೈಗೆ ಅಂಟಿದಂತೆ ಕೂರಬೇಕಾದರೆ ಅದರೊಳಗೆ ಸೊಂಟದಿಂದ ಎದೆಯವರೆಗೆ ಈ ಉದ್ದನೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಬೇಕು. ಆ ಮನೆಯಲ್ಲಿ ಅದನ್ನು ಸುತ್ತುವ ಹಕ್ಕು ಅತ್ತೆಯದು. ಸುತ್ತುತ್ತ ಸುತ್ತುತ್ತ ಗದರುವ ಹಕ್ಕೂ ಅವಳದೇ.

ಹೋದ ವರ್ಷ ನಾದಿನಿಯ ಮಗನ ಮದುವೆಯಲ್ಲಿ ಮುರ್ನಿಗೆ ಪಟ್ಟಿ ಎದೆಯವರೆಗೆ ಸಾಲದೆ ಹೊಟ್ಟೆಯ ಮೇಲೇ ಮುಗಿದುಹೋಗಿತ್ತು. “ಇದು ಸೊಂಟವೋ ಭತ್ತದ ಕಣಜವೋ” ಎಂದು ಅಜ್ಜಿ ಮನೆ ತುಂಬಿದ ಹೆಂಗಸರ ಎದುರು ನಗೆಯಾಡಿದ್ದಳು. ಮುರ್ನಿಯೂ ನಕ್ಕಿದ್ದಳು, ನಗದೆ ಇನ್ನೇನು ಮಾಡಿಯಾಳು. ಆಮೇಲೆ ಅಜ್ಜಿ ತಾನೇ ಅರಿಸಿನ, ಹುಣಸೆ, ಇನ್ನೂ ಏನೇನೋ ಬೇರು ಕುಟ್ಟಿ ದಿನಾ ಬೆಳಿಗ್ಗೆ ಸೊಸೆಗೆ ಮೈ ಇಳಿಸುವ ಕಷಾಯ ಮಾಡಿಕೊಡತೊಡಗಿದಳು. ಕೆಲವು ತಿಂಗಳಲ್ಲಿ ಸೊಸೆ ಇಳಿದೇ ಇಳಿದಳು. ಓಣಿಯ ಹೆಂಗಸರು ಕಣ್ಣರಳಿಸಿದರು. ಅಜ್ಜಿ ಕಷಾಯವನ್ನು ಬಾಟಲಿಗೆ ತುಂಬಿ ಓಣಿಗೆಲ್ಲ ಹಂಚಿದಳು. ಮೀಸೆ ಇದ್ದಿದ್ದರೆ ತಿರುವುತ್ತಿದ್ದಳು.

ಇವತ್ತು ಮಾತ್ರ ಪಟ್ಟಿ ಮುಗಿಯಲೊಲ್ಲದು. ಹೊಟ್ಟೆ ದಾಟಿ ಎದೆಯ ಕೆಳಗೆ ಬಂದರೂ ಅಜ್ಜಿಯ ಕೈಯಲ್ಲಿ ದಪ್ಪ ಸುರುಳಿ ಉಳಿದೇ ಇತ್ತು. ಬಿಗಿ ಮಾಡಲೆಂದು ಬೆನ್ನಿಗೆ ಅಂಗೈ ಒತ್ತಿದಳು. ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕವು. ಕೈ ಅಲ್ಲೇ ನಿಂತಿತು.

“ನಾನು ಕೊಟ್ಟಿದ್ದಕ್ಕಿಂತ ಜಾಸ್ತಿ ಏನಾದ್ರೂ ಕುಡಿದ್ಯೇನೇ ಕಷಾಯಾನ?”

ಮುರ್ನಿ ಕೊರಳ ಸರ ಸರಿಮಾಡಿಕೊಂಡಳು.

“ನಿನ್ನೇ ಕೇಳ್ತಿರೋದು.”

“ಬೈಬೇಡಿ ಅತ್ತೆ. ಅದನ್ನ ಒಂದು ದಿನಾನೂ ಕುಡೀಲಿಲ್ಲ. ವಾಸನೆಗೇ ವಾಕರಿಕೆ ಬರ್ತಿತ್ತು. ನೀವು ಆ ಕಡೆ ತಿರುಗಿದ ಕೂಡ್ಲೇ ಬಚ್ಚಲಿಗೆ ಸುರೀತಿದ್ದೆ.”

ಬೇರೆ ದಿನವಾಗಿದ್ದರೆ ಮನೆಯ ಹೆಂಚು ಹಾರಿಹೋಗುತ್ತಿತ್ತು. ಅಜ್ಜಿ ಮಂಚದ ತುದಿಯಲ್ಲಿ ಕುಸಿದು ಕೂತಳು.

“ಮತ್ತೆ ಇಷ್ಟೊಂದು ಹೇಗೆ ಇಳಿದೆ?”

“ಗೊತ್ತಿಲ್ಲ. ಅನ್ನ ಸೇರಲ್ಲ. ನಮ್ಮ ಕ್ಲಿನಿಕ್ಕಿನ ಡಾಕ್ಟರು, ಸೋಲೋ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ, ತಡ ಮಾಡ್ಬೇಡಿ ಅಂದಿದ್ರು. ಹೋದ ತಿಂಗಳು.”

“ನನ್ನ ಮಗನಿಗೆ ಗೊತ್ತಾ?”

“ಯಾರಿಗೂ ಹೇಳಿಲ್ಲ. ಮದ್ವೆ ಒಂದು ಮುಗೀಲಿ ಅಂತ.” ಮುರ್ನಿ ಕನ್ನಡಿಯ ಕಡೆ ನೋಡಿದಳು. ಬಣ್ಣ ಹಚ್ಚಿದ ಮುಖ, ಎದ್ದು ಕಾಣುವ ಕೊರಳ ಮೂಳೆಗಳ ಮೇಲೆ ಚಿನ್ನದ ಸರ. “ಸುಳ್ಳು ಯಾಕೆ ಹೇಳ್ಲಿ, ಮದ್ವೆ ಒಂದೇ ಅಲ್ಲ ಅತ್ತೆ. ಈ ವಯಸ್ಸಿನವರೆಗೂ ನನ್ನ ಯಾರೂ ಚೆಂದ ಅಂದಿರ್ಲಿಲ್ಲ. ಈಗ ಸಂತೇಲಿ ಮೀನಿನವಳೂ ಅಂತಾಳೆ. ದರ್ಜಿ ಈ ಕೆಬಾಯಾನ ಹೊಲಿದ ಮೇಲೂ ಮತ್ತೆ ಒಳಗೆ ಹಿಡೀಬೇಕಾಯ್ತು. ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ. ಆಸ್ಪತ್ರೆಗೆ ಹೋದ್ರೆ ಇದಕ್ಕೆ ಕಾಯಿಲೆ ಅಂತ ಹೆಸರು ಬಂದುಬಿಡುತ್ತೆ. ಇನ್ನೊಂದು ನಾಲ್ಕು ದಿನ ಚೆಂದ ಅನ್ನಿಸ್ಕೊಂಡು ಇರೋಣ ಅಂತ.”

ಅಜ್ಜಿಗೆ ಇಷ್ಟು ವರ್ಷ ಬಾಯಿಗೆ ಬಂದದ್ದೆಲ್ಲ ಆಡಿದ ತನ್ನ ನಾಲಿಗೆಯ ಮೇಲೆ ತನಗೇ ಸಿಟ್ಟು ಬಂತು. ಎದ್ದು ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಾನು ಹೆಣ್ಣು ನೋಡೋಕೆ ನಿಮ್ಮನೆಗೆ ಬಂದಿದ್ನಲ್ಲ, ಅವತ್ತು ನಿಮ್ಮಕ್ಕನ್ನ ತೋರಿಸಿದ್ರು. ಬಳ್ಳಿ ಥರ ಇದ್ಳು. ನೀನು ಒಳಗಿಂದ ಟೀ ತಂದೆ, ಕೆನ್ನೆ ತುಂಬ್ಕೊಂಡು, ದುಂಡುದುಂಡಗೆ. ನನ್ನ ಮನೆಗೆ ಇವಳೇ ಬೇಕು ಅಂತ ಹಟ ಹಿಡಿದೆ. ಅಕ್ಕನ್ನ ದಾಟಿ ತಂಗಿ ಮದ್ವೆ ಆಗೋದಾದ್ರೆ ಅಕ್ಕನಿಗೆ ಉಡುಗೊರೆ ಕೊಡ್ಬೇಕಲ್ಲ, ನನ್ನ ಕಿವಿ ಓಲೇನೇ ಬಿಚ್ಚಿ ಕೊಟ್ಟೆ. ಅಷ್ಟು ಚೆಂದ ಇದ್ದೆ ನೀನು.”

“ಒಂದು ಸಲಾನೂ ಹೇಳ್ಲಿಲ್ವಲ್ಲ ಅತ್ತೆ.”

“ಅತ್ತೆ ಆದವಳು ಅದನ್ನೆಲ್ಲ ಬಾಯಿಬಿಟ್ಟು ಹೇಳ್ತಾಳೇನೇ.” ಅಜ್ಜಿ ಪಟ್ಟಿಯನ್ನು ಸ್ವಲ್ಪ ಸಡಿಲ ಮಾಡಿ, ಎಲ್ಲೂ ಒತ್ತದಂತೆ ಪಿನ್ನು ಹಾಕಿ, ಕೆಬಾಯ ತೊಡಿಸಿದಳು.

ಇಬ್ಬರೂ ಚಪ್ಪರಕ್ಕೆ ಕಾಲಿಡುತ್ತಿದ್ದಂತೆ ಎದುರುಮನೆಯ ಕುಸ್ತಿನಾ ಅಡ್ಡ ಬಂದಳು. ಅವಳ ಬೆನ್ನಿಗೆ ಓಣಿಯ ಹೆಂಗಸರೆಲ್ಲ ಇದ್ದರು.

“ಅಯ್ಯೋ ಮುರ್ನಿ, ಮದುಮಗಳ ಅಕ್ಕ ಬಂದ್ಳು ಅಂದ್ಕೊಂಡೆ. ಏನ್ ಸೊಂಟ, ಏನ್ ಕತೆ. ಅಜ್ಜಿ, ನಿಮ್ಮ ಬಾಟ್ಲಿ ಖಾಲಿ ಆಯ್ತು, ನಾನು ಒಂದು ಬೆರಳಷ್ಟೂ ಇಳೀಲಿಲ್ಲ. ಸೊಸೆಗೆ ಕೊಟ್ಟಿದ್ದೇ ಬೇರೆ ಇರ್ಬೇಕು. ಗುಟ್ಟು ಏನು, ನಮಗೂ ಹೇಳಿ.”

ಹೆಂಗಸರು ಕಿವಿಗೊಟ್ಟು ನಿಂತರು. ಮುರ್ನಿ ತಲೆ ತಗ್ಗಿಸಿದಳು. ಅಜ್ಜಿ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಗುಟ್ಟು ನಮಗೂ ಗೊತ್ತಿಲ್ಲ ಕಣೇ. ನಾಳೆ ಬೆಳಿಗ್ಗೆ ನಾನೂ ಇವಳೂ ದೊಡ್ಡಾಸ್ಪತ್ರೆಗೆ ಹೋಗಿ ಕೇಳ್ಕೊಂಡು ಬರ್ತೀವಿ. ಅಲ್ಲೀವರೆಗೂ ನಮ್ಮ ಹುಡುಗೀನ ಯಾರೂ ಹೊಗಳ್ಬೇಡಿ.”