ಮೊದಲು ಟೀ ಕುಡೀರಿ

“ಕೂತ್ಕೊಳ್ಳಿ ಬೋರಮ್ಮನವರೇ. ಮೊದಲು ಟೀ ಕುಡೀರಿ,” ಎಂದಳು ಅತಿಯಾ.

ಬೋರಮ್ಮ ಕೂರಲಿಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಹೆಂಗಸನ್ನು ಕೆಲಸದ ಹೊತ್ತಿನಲ್ಲಿ ಆಫೀಸಿಗೆ ಕರೆಸಿ ಕುರ್ಚಿ ಕೊಟ್ಟವರು ಇದುವರೆಗೆ ಯಾರೂ ಇರಲಿಲ್ಲ. ಬೈಯಲು ಕರೆಸುತ್ತಿದ್ದರು, ಹೆಂಗಸರು ನಿಂತೇ ಬೈಸಿಕೊಂಡು ಹೋಗುತ್ತಿದ್ದರು. ಅದಕ್ಕೆ ಕುರ್ಚಿ ಯಾಕೆ? ಆಕೆ ಸೆರಗಿಗೆ ಅಂಟಿದ್ದ ದಾರದ ಎಳೆಗಳನ್ನು ಕೊಡವಿಕೊಳ್ಳುತ್ತಾ ಒಮ್ಮೆ ಅತಿಯಾಳ ಮುಖವನ್ನು, ಒಮ್ಮೆ ಟೀ ಲೋಟವನ್ನು ನೋಡಿದಳು.

ಚನ್ನಪಟ್ಟಣದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಮುನಾವರ್ ಅವರ ಮಗಳು ಅತಿಯಾ. ಎಂಬಿಎ ಕೊನೆಯ ಸೆಮಿಸ್ಟರ್, ಓದುತ್ತಿರುವುದು ಎಚ್.ಆರ್., ಅಂದರೆ ಕೆಲಸದ ಜಾಗದಲ್ಲಿ ಜನರನ್ನು ಸಂಭಾಳಿಸುವ ವಿದ್ಯೆ. ಟ್ರೈನಿಂಗಿಗೆಂದು ರಾಮನಗರದ ಈ ಫ್ಯಾಕ್ಟರಿಗೆ ಬಂದವಳಿಗೆ ಮ್ಯಾನೇಜರ್ ನಟರಾಜು ಇವತ್ತು ಒಪ್ಪಿಸಿದ ಕೆಲಸ ಇದು. ಆರ್ಡರ್ ಇಲ್ಲವೆಂದು ಹೊಲಿಗೆ ಮೆಷಿನ್‌ಗಳ ಒಂದು ಲೈನನ್ನು ಮುಚ್ಚುತ್ತಿದ್ದಾರೆ, ಆ ಲೈನಿನ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದು ನಾಳೆಯಿಂದ ಬರಬೇಡಿ ಎನ್ನಬೇಕು. ಹೋದ ಸಲ ಹೀಗೆ ತೆಗೆದಾಗ ಗೇಟಿನ ಮುಂದೆ ಧರಣಿ ಕೂತು ದೊಡ್ಡ ರಂಪವಾಗಿತ್ತು. “ಗಲಾಟೆ ಇಲ್ದಂಗೆ ಮುಗಿಸ್ಬುಡಮ್ಮ, ನಿನ್ನ ಇಲ್ಲೇ ಪರ್ಮನೆಂಟ್ ಮಾಡಿಸ್ತೀನಿ,” ಎಂದಿದ್ದರು ನಟರಾಜು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವುದನ್ನೇ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷಿನಲ್ಲಿ ಕಲಿಸಿದ್ದರು: ಕೆಟ್ಟ ಸುದ್ದಿ ಹೇಳುವ ಮುನ್ನ ಎದುರಿನವರನ್ನು ಕೂರಿಸಿ, ಕುಡಿಯಲು ಏನಾದರೂ ಕೊಡಿ, ನಾಲ್ಕು ಒಳ್ಳೆಯ ಮಾತಾಡಿ. ಅತಿಯಾ ಚಾಚೂ ತಪ್ಪದೆ ಅದನ್ನೇ ಮಾಡುತ್ತಿದ್ದಳು.

“ನೀವು ತುಂಬಾ ಗಟ್ಟಿ ಮನಸ್ಸಿನವರು ಅಂತ ಎಲ್ಲರೂ ಹೇಳ್ತಾರೆ. ಕುಡೀರಿ, ಆಮೇಲೆ ಹೇಳ್ತೀನಿ.”

ಬೋರಮ್ಮನ ಮುಖ ಬಿಳಿಚಿಕೊಂಡಿತು.

“ಯಾರು ಹೋದ್ರವ್ವಾ?”

“ಅಂದ್ರೆ?”

“ನನ್ತಾವ ಯಾಕವ್ವಾ ಮರೆ ಮಾಡೀಯೆ? ಮನೆಯಿಂದ ಫೋನ್ ಬಂತಾ? ನಮ್ ಕೆಂಪರಾಜು ರೇಷ್ಮೆ ಗೂಡು ತುಂಬ್ಕಂಡು ಆಟೋಲಿ ಮಾರ್ಕೆಟ್‌ಗೆ ಬಂದವ್ನೆ ಕಣವ್ವಾ. ನನ್ ಮಗನ್ಗೇನಾಯ್ತು? ಹೇಳ್ಬುಡವ್ವಾ!” ಬೋರಮ್ಮ ಗೋಡೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದಳು.

ಅತಿಯಾಳಿಗೆ ಆಗ ಹೊಳೆಯಿತು. ಮೊಬೈಲುಗಳನ್ನು ಗೇಟಿನಲ್ಲೇ ಕೊಟ್ಟು ಒಳಗೆ ಬರಬೇಕಾದ ಫ್ಯಾಕ್ಟರಿ ಇದು. ಮನೆಯ ಸುದ್ದಿ ಬಂದರೆ ಆಫೀಸಿಗೇ ಬರಬೇಕು. ಬೋರಮ್ಮನ ಸಾತನೂರಿನ ಕಡೆ ಸಾವಿನ ಸುದ್ದಿಯನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ಕೂರಿಸುತ್ತಾರೆ, ಬಲವಂತ ಮಾಡಿ ಕಾಫಿಯೋ ಟೀಯೋ ಕುಡಿಸುತ್ತಾರೆ. ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣು ಮುಗಿಯುವವರೆಗೆ ಗಂಟಲಲ್ಲಿ ತೊಟ್ಟು ನೀರೂ ಇಳಿಯುವುದಿಲ್ಲವಲ್ಲ! ಅಷ್ಟೇಕೆ, ಅತಿಯಾಳ ತಾತ ತೀರಿಕೊಂಡ ದಿನ ಪಕ್ಕದ ಮನೆಯವರು ಅವಳ ಅಮ್ಮಿಗೂ ಮೊದಲು ಟೀ ಕುಡಿಸಿದ್ದರು. ಗೊತ್ತಿದ್ದೂ ಮರೆತಿದ್ದಳು.

“ಅಯ್ಯೋ, ಇಲ್ಲ ಇಲ್ಲ! ಮನೆಯಿಂದ ಯಾವ ಫೋನೂ ಬಂದಿಲ್ಲ ಬೋರಮ್ಮ, ಯಾರಿಗೂ ಏನೂ ಆಗಿಲ್ಲ. ಕೆಲಸ... ಕೆಲಸ ಹೋಗಿದೆ ಅಷ್ಟೆ. ನಿಮ್ಮ ಲೈನ್ ಮುಚ್ತಾ ಇದಾರೆ. ನಾಳೆಯಿಂದ ಬರೋದು ಬೇಡ.”

“ಕೆಲ್ಸವಾ?”

“ಹೂಂ. ಕೆಲಸ.”

ಬೋರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕೇಬಿಟ್ಟಳು. “ಅಯ್, ಜೀವನೇ ಹೋಗಿತ್ತಲ್ಲವ್ವಾ ನಂದು! ಕೆಲ್ಸ ಹೋದ್ರೆ ಹೋಯ್ತದೆ ಬುಡು, ನನ್ ಮಗ ಚೆಂದಾಗವ್ನಲ್ಲ, ಅಷ್ಟು ಸಾಕು. ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವಾ.” ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಕೈಮುಗಿದು ಹೊರಟಳು. ಸೆಕ್ಯುರಿಟಿಯವನು ಆಕೆಯನ್ನು ಲೈನಿನ ಕಡೆ ಬಿಡದೆ ಗೇಟಿಗೇ ಕರೆದುಕೊಂಡು ಹೋದ.

ಗಾಜಿನ ಆಚೆ ನಿಂತು ನೋಡುತ್ತಿದ್ದ ನಟರಾಜು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. “ಏನಮ್ಮಾ ಇದು! ಕೆಲ್ಸ ಕಳ್ಕೊಂಡೋಳು ಆಶೀರ್ವಾದ ಮಾಡ್ಬುಟ್ಟು ಹೋಯ್ತಾವ್ಳೆ! ನನ್ನ ಸರ್ವೀಸಲ್ಲೇ ಕಂಡಿಲ್ಲ ಕಣಮ್ಮ.”

“ಸರ್, ಅದು... ಟೀ ಕೊಟ್ಟಿದ್ದಕ್ಕೆ ಮಗ ಸತ್ತುಹೋದ ಅಂದ್ಕೊಂಡ್ರು. ಅದಲ್ಲ ಅಂತ ಗೊತ್ತಾಗಿ ನಕ್ಕಿದ್ದು.”

ನಟರಾಜು ಗಡಿಯಾರ ನೋಡಿಕೊಂಡರು. ಆಮೇಲೆ, “ಏನೋ ಒಂದು. ಗಲಾಟೆ ಆಗ್ನಿಲ್ವಲ್ಲ? ಉಳಿದೋರ್ಗೂ ಹಿಂಗೇ ಮಾಡು,” ಎಂದು ಹೊರಟುಹೋದರು.

ಅತಿಯಾ ಎದ್ದು ಕಿಟಕಿಯವರೆಗೆ ಹೋದಳು, ವಾಪಸ್ಸು ಬಂದು ಕೂತಳು, ಕೂರಲಾಗದೆ ಮತ್ತೆ ಎದ್ದಳು. ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆ ನಗು ಎಷ್ಟು ಹೊತ್ತಿನದು? ಬಸ್ಸು ಕನಕಪುರ ದಾಟುವಷ್ಟರಲ್ಲಿ ತನಗೇನು ಹೋಯಿತೆಂದು ಬೋರಮ್ಮನಿಗೆ ಗೊತ್ತಾಗಿರುತ್ತದೆ. ಅಷ್ಟರಲ್ಲಿ ಜಗಳವಾಡಲು ಗೇಟು ಹತ್ತಿರವಿರುವುದಿಲ್ಲ. ಇನ್ನು ಈ ಟೀ ಸಹವಾಸವೇ ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಅಂದುಕೊಂಡಳು. ಹೇಳಿದರೆ? ಅಳುತ್ತಾರೆ, ಕೂಗಾಡುತ್ತಾರೆ, ಗೇಟಿನ ಮುಂದೆ ಕೂರುತ್ತಾರೆ. ಪರ್ಮನೆಂಟ್ ಮಾತು ಅಲ್ಲಿಗೆ ಮುಗಿಯಿತು. ಫ್ಯಾಕ್ಟರಿಯಲ್ಲಿ ಟೇಬಲ್ಲಿನ ಹಿಂದೆ ಕೂರುವ ಕೆಲಸ ಅವಳ ಮನೆಯಲ್ಲಿ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ಬಾಗಿಲ ಸದ್ದಾಯಿತು. ಅದೇ ಲೈನಿನಲ್ಲಿ ಗುಂಡಿ ಹಾಕುವ ಚಿಕ್ಕಲಕ್ಷ್ಮಮ್ಮ ಹೆದರುತ್ತಲೇ ಒಳಗೆ ಬಂದಳು.

“ಕೂತ್ಕೊಳ್ಳಿ,” ಎಂದಳು ಅತಿಯಾ. ಅವಳ ಕೈ ತಾನಾಗಿ ಲೋಟವನ್ನು ಮುಂದಕ್ಕೆ ಸರಿಸಿತು. “ಮೊದಲು ಟೀ ಕುಡೀರಿ.”

ಚಿಕ್ಕಲಕ್ಷ್ಮಮ್ಮ ಲೋಟ ಮುಟ್ಟಲಿಲ್ಲ. “ಯಾಕವ್ವಾ? ಯಾರ್ಗೇನಾಯ್ತು?”

ಯಾರಿಗೂ ಏನೂ ಆಗಿಲ್ಲ ಎಂಬ ಮಾತು ಅತಿಯಾಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಅಲ್ಲೇ ತಡೆದಿಟ್ಟುಕೊಂಡು, ಆಕೆಯ ಕಣ್ಣು ತುಂಬುವವರೆಗೆ ಕಾದಳು.